ಕೋ

ರಿಯೊ ನೇಗ್ರೊ ದಾಟಿ ಎರಡು ದಿನ ಕುದುರೆ ನಡೆದರೆ
ಒಂದು ಅಂಗಡಿಯಿತ್ತು ಆಗ. ಉಪ್ಪು, ಲಾಳ, ಸಾರಾಯಿ, ಬಂದೂಕಿನ ಮದ್ದು.
ಗಿರಾಕಿಗೂ ಮಾಲೀಕನಿಗೂ ನಡುವೆ ಸೂರಿನವರೆಗೆ ಕಬ್ಬಿಣದ ಸರಳು.
ಸೀಸೆ ಆಚೆ ತೂರಬೇಕು, ದುಡ್ಡು ಈಚೆ ಬರಬೇಕು,
ಗಡಿಯಲ್ಲಿ ನಂಬಿಕೆ ಅಷ್ಟೇ ಅಗಲ.

ಸಿರೀಲೊ ಲೆದೆಸ್ಮ ಸತ್ತದ್ದು ಅಲ್ಲಿ,
ಕುರಿತೊಗಲಿನ ಮೂಟೆಗೆ ತಲೆ ಕೊಟ್ಟು.
ಗುಂಡು ಕೊರಳಿಗೆ ಬಿದ್ದಿತ್ತು. ಹಾಗಾಗಿ
ಆಡಿದ್ದು ಒಂದೇ ಅಕ್ಷರ, ಮುಂದಿನದೆಲ್ಲ ರಕ್ತ.
ಕೋ
ಅಂದ.
ಇಷ್ಟರ ಬಗ್ಗೆ ಯಾರದೂ ತಕರಾರಿಲ್ಲ.

ಕೊಬಾರ್ದೆಸ್, ಹೇಡಿಗಳಿರಾ, ಅಂತ ಬೈದ
ಎಂದು ಸಾರ್ಜೆಂಟ್ ಅನಾಕ್ಲೆತೊ ವರದಿ ಬರೆಸಿದ
(ಬರೆಯಲು ಬರುತ್ತಿರಲಿಲ್ಲ ಅವನಿಗೆ).
ಬೈದದ್ದು ಓಡಿಹೋದ ತನ್ನವರನ್ನು, ನಮ್ಮನ್ನಲ್ಲ
ಎಂದೂ ಒಂದು ಸಾಲು ಸೇರಿಸಿದ.

ಹಿಂದಿನ ಕಿಟಕಿಯಿಂದ ಹಾರಿದ ಸೋಯ್ಲೊ
ಮುದುಕನಾದ ಮೇಲೆ, ಯಾರಾದರೂ ಒಂದು ಲೋಟ ಕುಡಿಸಿದರೆ,
ಹೇಳುತ್ತಿದ್ದ: ಕೊರ್ರಾನ್! ಓಡ್ರೋ! ಅಂದ ಕಣಯ್ಯಾ.
ಅಣ್ಣನ ಮಾತು ಮೀರಿದವನಲ್ಲ ನಾನು.

ಅಂಗಡಿಯ ಇತುರ್ಬೆಗೆ ಕೇಳಿಸಿದ್ದು ಕೋಬ್ರೆಸೆ,
ವಸೂಲಿ ಮಾಡ್ಕೊ.
ಹನ್ನೊಂದು ಪೆಸೊ ಬಾಕಿಗೆ
ಬೆಳ್ಳಿ ಕಡಿವಾಣದ ಕುದುರೆ.
ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನೆದುರು: ಚುಕ್ತಾ.

ಫಾದರ್ ಗಾಸ್ಪರ್ ಬಂದದ್ದು ಮೂರು ದಿನ ತಡವಾಗಿ.
ಆದರೂ ಅವರಿಗೆ ಸ್ಪಷ್ಟವಾಗಿ ಕೇಳಿಸಿತು,
ಕೊನ್‌ಫಿಯೆಸೊ, ತಪ್ಪೊಪ್ಪಿಕೊಳ್ಳುತ್ತೇನೆ.

ಬಂದರಿನ ಊರಲ್ಲಿ ಒಬ್ಬಳು ಕೊರೀನಾ,
ನದಿಯ ಊರಲ್ಲಿ ಒಬ್ಬಳು ಕೊನ್‌ಸ್ವೆಲೊ.
ಇಬ್ಬರೂ ಕಪ್ಪುಟ್ಟರು, ಇಬ್ಬರೂ ಸಾಯುವತನಕ
ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರು ಉಗುಳಿದರು.
ಮೂರನೆಯವಳ ಹೆಸರು ಮಾರ್ತಾ.
ಅವಳೇನೂ ಹೇಳಲಿಲ್ಲ, ಪಾಪ.

ನಲವತ್ತು ವರ್ಷದ ಮೇಲೆ ಕಂಚಿನ ಪ್ರತಿಮೆ.
ಕೆಳಗೆ ಏನು ಕೆತ್ತಬೇಕೆಂದು ರಾಜಧಾನಿಯ ಸಮಿತಿ ನಿರ್ಧರಿಸಿತು.
ಕೊರಾಹೆ. ಧೈರ್ಯ.
ಸಮಿತಿಯಲ್ಲಿ ಯಾರೂ ಕುದುರೆ ಹತ್ತಿದವರಲ್ಲ.

ನನಗೆ ಇದನ್ನೆಲ್ಲ ಹೇಳಿದ ಹೆಂಗಸು
ಹೆದ್ದಾರಿ ಬದಿಯಲ್ಲಿ ಮೊಟ್ಟೆ ಮಾರುತ್ತಾಳೆ.
ಅವಳ ಮುತ್ತಜ್ಜಿ ಕಿಂತುರಾಯ್ ಆ ಅಂಗಡಿಯಲ್ಲಿ
ಲೋಟ ತೊಳೆಯುತ್ತಿದ್ದಳು, ಸರಳಿನ ಈಚೆ.
ಎಲ್ಲರಿಗಿಂತ ಹತ್ತಿರ ಇದ್ದವಳು. ಯಾರೂ ಕೇಳಲಿಲ್ಲ.
ಮಪೂಚೆಯರ ಮಾತಲ್ಲಿ
ಕೋ ಅಂದರೆ ನೀರು.
ಲೆದೆಸ್ಮನ ತಾಯಿ ಆಡುತ್ತಿದ್ದದ್ದೂ ಅದೇ ಮಾತು;
ಅವನ ಬಗ್ಗೆ ಹಾಡು ಕಟ್ಟಿದವರು ಆ ತಾಯಿಯನ್ನು
ಸ್ವಲ್ಪ ಸ್ವಲ್ಪವಾಗಿ ಬಿಳಿ ಮಾಡುತ್ತ ಬಂದರು.

ಕಿಂತುರಾಯ್ ತಗಡಿನ ಲೋಟ ತುಂಬಿ ತಂದಳು.
ಬಾಗಿಲಿಗೆ ಬೀಗ. ಬೀಗದ ಕೈ ಇತುರ್ಬೆಯ ಸೊಂಟದಲ್ಲಿ,
ಇತುರ್ಬೆ ಹಿಟ್ಟಿನ ಪೀಪಾಯಿಯ ಹಿಂದೆ.
ಲೋಟ ಸರಳಿನ ಸಂದಿಗಿಂತ ಒಂದು ಬೆರಳು ದಪ್ಪ.
ಅವಳು ಸೆರಗಿನ ತುದಿ ಅದ್ದಿ ತೋಳು ಚಾಚಿದಳು.
ಮೊಣಕೈತನಕ ಹೋಯಿತು.
ಒಂದು ಹನಿ ನೆಲಕ್ಕೆ ಬಿತ್ತಂತೆ. ಎರಡು ಇರಬಹುದು.

ಹಾಗಂತ ಅವಳು ಹೇಳಿದಳು, ಅಂದಳು ಮರಿಮಗಳು,
ಮೊಟ್ಟೆಯ ಮೇಲಿನ ಹಿಕ್ಕೆ ಉಗುರಲ್ಲಿ ಕೆರೆಯುತ್ತ.
ಅವಳಿಗೂ ಏನೋ ಬೇಕಿತ್ತೇನೋ. ಯಾರಿಗೆ ಗೊತ್ತು.

ನನ್ನ ಮಾತಲ್ಲೂ ಆ ಅಕ್ಷರ ಇದೆ.
ಕೋ ಅಂದರೆ ತೆಗೆದುಕೋ, ಇದೆಕೋ ಎನ್ನುವಾಗಿನ ಕೋ,
ಇರುವುದನ್ನು ಇನ್ನೊಬ್ಬರ ಮುಂದೆ ಚಾಚುವ ಕೋ.
ತೆಗೆದುಕೊಂಡರಲ್ಲ ಮತ್ತೆ, ಎಲ್ಲರೂ,
ಕುದುರೆ, ಕಣ್ಣೀರು, ಮಾಫಿ, ಕಂಚು.
ಅವಳಿಗೆ ಇದನ್ನು ಹೇಳಲಿಲ್ಲ.
ಸಾಲಿನಲ್ಲಿ ಕೊನೆಗೆ ನಿಂತವನು ನಾನು,
ಕೈ ಮಾತ್ರ ಚಾಚಿಯೇ ಇತ್ತು.

ಡಜನ್ ಮೊಟ್ಟೆ ಕೊಂಡೆ.
ಗಾಳಿಗೆ ಚಿಲ್ಲರೆ ನೋಟು ಹಾರಿತು,
ಇಬ್ಬರೂ ಅದರ ಹಿಂದೆ ಓಡಿದೆವು.